ಹೆಚ್ಚಿದ ಬಳೆ

ಮೂರು ಕಿಟಕಿ, ಆರಡಿ ಎರಡಡಿ, ಪಶ್ಚಿಮದ ಗೋಡೆ.
ಪಾರಿವಾಳ ಬೇಕು, ಕುರಿಮರಿ ಬೇಕು,
ಗೋಧಿ ದ್ರಾಕ್ಷಿ ಇದ್ದೇ ಇರುತ್ತಲ್ಲ, ಎಂದರು ಫಾದರ್ ಸೆರಾಫಿನ್
ಬಜೆಟ್ಟಿನ ಹಾಳೆಯನ್ನು ಟೀ ಲೋಟದಡಿ ಒತ್ತಿ.
ತಲೆಯಾಡಿಸಿದೆ. ಅಡ್ವಾನ್ಸು ಬೇಕಿತ್ತು.

ಪಶ್ಚಿಮ ಹೆಸರಿಗೆ ಮಾತ್ರ. ಎದುರಿಗೆ
ಸ್ಕ್ಯಾನಿಂಗ್ ಕಟ್ಟಡ ಐದು ಮಹಡಿ ಎದ್ದು ನಿಂತಿದೆ.
ನಾಲ್ಕು ಹತ್ತರಿಂದ ನಾಲ್ಕು ಐವತ್ತರವರೆಗೆ, ಅಷ್ಟೇ,
ಅದಕ್ಕೂ ನೀರಿನ ಟ್ಯಾಂಕಿಗೂ ನಡುವಿನ ಸಂದಿನಲ್ಲಿ
ಬಿಸಿಲು ತೂರುತ್ತದೆ.
ರೋಗಿಗಳನ್ನು ನೋಡಲು ಬಿಡುವುದೂ ಅದೇ ಹೊತ್ತಿಗೆ.
ಆ ನಲವತ್ತು ನಿಮಿಷಕ್ಕೆ ನಾನು ಬಣ್ಣ ಆರಿಸಬೇಕು.

ಒಂದು ವಾರ ಹಿಂದಿನ ಬೆಂಚಿನಲ್ಲಿ ಕೂತೆ.
ಶಿಲುಬೆ ಗುರುತು ಹಾಕಿಕೊಂಡವರು ಕಡಿಮೆ.
ಚಪ್ಪಲಿ ಹೊರಗೆ ಬಿಟ್ಟು, ಕಳುವಾದೀತೆಂದು
ಮತ್ತೆ ತಂದು ಕಂಕುಳಲ್ಲಿಟ್ಟುಕೊಂಡವನು;
ಫೋನಿಗೆ ಚಾರ್ಜು ಹುಡುಕಿ ಬಂದು
ಪ್ಲಗ್ಗು ಸಿಕ್ಕಿದ ಮೇಲೂ ಎದ್ದು ಹೋಗದೆ ಅತ್ತವನು;
ಬುರ್ಖಾದ ತಾಯಿಯೊಬ್ಬಳು, ದಿಕ್ಕು ಲೆಕ್ಕ ಹಾಕಿ
ನನ್ನ ಕಿಟಕಿಗಳ ಗೋಡೆಗೇ ಮುಖ ಮಾಡಿದಳು;
ಐದನೇ ವಾರ್ಡಿನ ಬಿಲ್ಲನ್ನು ತುಟಿಯಲ್ಲೇ ಓದುತ್ತಿದ್ದ ಮುದುಕ,
ಮುಗಿದೊಡನೆ ಮತ್ತೆ ಮೊದಲಿನಿಂದ.
ಕುರಿಮರಿಯನ್ನು ಯಾರೂ ಕೇಳಲಿಲ್ಲ.

ಕೆಂಪು ಬೇಡ, ಎಂದಳು ನರ್ಸ್ ಯೂನಿಸ್,
ಕೆಂಪು ನಮಗೆ ಕೆಳಗಿನ ಮಹಡಿಯಲ್ಲೇ ಸಾಕಷ್ಟಿದೆ.
ಬಿಳಿಯೂ ಬೇಡ. ಹಸಿರು ನಮ್ಮ ಪರದೆ.
ಮತ್ತೇನು ಉಳಿಯಿತು ಎಂದೆ.
ನಕ್ಕು ಡ್ಯೂಟಿಗೆ ಹೋದಳು.

ಆಮೇಲೊಂದು ದಿನ ಅವಳೇ ಕರೆದು ತೋರಿಸಿದಳು:
ಥಿಯೇಟರಿನ ಬಾಗಿಲ ಪಕ್ಕ ಸ್ಟೀಲಿನ ಟ್ರೇ,
ಅದರಲ್ಲಿ, ಕೈ ಊದಿ ಕಳಚದೆ ಹೋದ ಬಳೆಗಳನ್ನು
ಬಟ್ಟೆ ಸುತ್ತಿ ಇಕ್ಕಳದಲ್ಲಿ ಮುರಿದ ಚೂರು.
ಚಿಕ್ಕಪೇಟೆಯ ಹಸಿರು, ರಸಲ್ ಮಾರ್ಕೆಟ್ಟಿನ
ಚಿನ್ನದ ಚುಕ್ಕೆಯ ಜೇನು ಹಳದಿ,
ಸೀಮಂತಕ್ಕೆ ತೊಡಿಸಿದ್ದು, ಹೊಳಪಿನ್ನೂ ಮಾಸದ್ದು.
ಅಯ್ಯೋ, ಎಷ್ಟೊಂದು ಬಳೆ ಒಡೆದಿವೆ, ಎಂದುಬಿಟ್ಟೆ.
ನೆಲ ಒರೆಸುತ್ತಿದ್ದ ಗಂಗಹನುಮಕ್ಕ ಗದರಿದಳು:
ಒಡೀತು ಅನ್ಬಾರ್ದು ಕಣಮ್ಮ, ಇಲ್ಲಂತೂ ಅನ್ಲೇಬಾರ್ದು.
ಬಳೆ ಹೆಚ್ತು ಅನ್ನು.

ಹೆಚ್ಚಿತು. ನನ್ನ ಅಮ್ಮನೂ ಹಾಗೇ ಅನ್ನುತ್ತಿದ್ದಳು.
ಇಪ್ಪತ್ತು ವರ್ಷ ಗಾಜು ಕೊಯ್ದು ಕೊಯ್ದು ಮರೆತಿದ್ದೆ.

ಶಿವಾಜಿನಗರದ ಹಿಂದಿನ ಗಲ್ಲಿಯಲ್ಲಿ ಇನಾಯತ್ ಸಾಬರು
ವಜ್ರದ ಮೊನೆಯಲ್ಲಿ ಗೀರೆಳೆದು, ಉಸಿರು ಬಿಗಿಹಿಡಿದು,
ಅಡಿಯಿಂದ ಒಂದೇ ಸಲ ತಟ್ಟುತ್ತಾರೆ.
ಗಾಜು ಗೀರಿನ ಮಾತು ಕೇಳುತ್ತದೆ. ಕೆಲವು ದಿನ ಕೇಳುವುದಿಲ್ಲ.
ಕೇಳದ ದಿನ ಅವರು ಬೈಯುವುದಿಲ್ಲ, ಬೀಡಿ ಹಚ್ಚುತ್ತಾರೆ.
ಬಳೆಚೂರು ನೋಡಿ ಹಚ್ಚಿದ ಬೀಡಿ ಆರಿಸಿದರು.

ಪಾರಿವಾಳ ಉಳಿಸಿಕೊಂಡೆ, ಕರಾರಿನಲ್ಲಿತ್ತು.
ಗೋಧಿಯ ಜಾಗಕ್ಕೆ ರಾಗಿಯ ತೆನೆ ಬರೆದೆ:
ಬೆರಳು ಮಡಚಿದ ಕೈಯ ಹಾಗೆಯೇ ಅಲ್ಲವೇ ಅದು.
ಆ ಬೆರಳುಗಳ ಬಾಗಿಗೆ ಬಳೆಯ ಬಾಗು
ಅಳತೆಯಿಲ್ಲದೆ ಕೂತಿತು, ಸೀಸದ ಅಂಚಿನೊಳಗೆ.
ಯಾವುದು ಯಾರದೆಂದು ಯೂನಿಸ್‌ಗೆ ಗೊತ್ತು.
ಯಾರು ಮನೆಗೆ ಹೋದರು ಎಂಬುದೂ.
ನಾನು ಕೇಳಲಿಲ್ಲ.

ಫಾದರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.
ಇದು ಗೋಧಿಯೇ ತಾನೇ?
ಇಲ್ಲಿಯ ಗೋಧಿ ಫಾದರ್, ಎಂದೆ.
ಮುದ್ದೆ ಉಂಡು ಬೆಳೆದವರು; ಬಾಯಿಬಿಡಲಿಲ್ಲ.

ಆಶೀರ್ವಚನದ ದಿನ ಬೆಂಗಳೂರಿಗೆ ಬೆಂಗಳೂರೇ ಮೋಡ.
ನಾಲ್ಕು ಹತ್ತು ಬಂತು, ಐವತ್ತು ಹೋಯಿತು,
ಟ್ಯೂಬ್‌ಲೈಟಿನಲ್ಲಿ ಕಿಟಕಿಗಳು
ತೊಳೆಯದ ಲೋಟಗಳ ಹಾಗೆ ನಿಂತಿದ್ದವು.
ಎಲ್ಲರೂ ಚೆನ್ನಾಗಿದೆ ಎಂದರು. ಬಾಕಿ ಹಣ ಚೆಕ್ಕಿನಲ್ಲಿ ಬಂತು.

ಮುಂದಿನ ಗುರುವಾರ, ರಿಚ್ಮಂಡ್ ವೃತ್ತದ ಸಿಗ್ನಲ್ಲಿನಲ್ಲಿ,
ಸ್ಕೂಟರಿನ ಕನ್ನಡಿಗೆ ಫಕ್ಕನೆ ಬಿಸಿಲು ಬಿತ್ತು.
ಗಡಿಯಾರ ನೋಡಿದೆ, ನಾಲ್ಕು ಇಪ್ಪತ್ತೆರಡು.
ಹಿಂದಿನ ಬೆಂಚಿನಲ್ಲಿ ಈಗ ಯಾರಿದ್ದಾರೋ,
ಯಾರ ಬರಿಗೈ ಮೇಲೆ ಯಾರ ಹಸಿರೋ,
ಎನ್ನುವಷ್ಟರಲ್ಲಿ
ಹಿಂದಿನ ಆಟೋದವನು ಹಾರ್ನ್ ಒತ್ತಿದ.